ಏಳು ಗಂಟೆಯ ಮೆಟ್ಟಿಲು

ಅದೇ ಗಂಡಸು ಮೂರನೇ ಸಲ ಪಕ್ಕದಲ್ಲಿ ಹಾದುಹೋದಾಗ ಶಿವಕಾಂತಾ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಸಂಜೆ ಏಳಕ್ಕೆ ಪರ್ವತಿ ಗುಡ್ಡದ ಮೆಟ್ಟಿಲ ಮೇಲೆ ಜನಕ್ಕೇನೂ ಬರವಿಲ್ಲ. ಇವನು ಮಾತ್ರ ಹತ್ತಿ, ಇಳಿದು, ಮತ್ತೆ ಅವಳ ಪಕ್ಕಕ್ಕೇ ಬರುತ್ತಿದ್ದ.

ಮನೆಯಲ್ಲಿ ಅಕ್ಕತಂಗಿಯರಿಲ್ಲವೇ ಎಂದು ಮರಾಠಿಯಲ್ಲಿ ಗದರಿದಳು. ಅದು ಸಾಲದೆ ಮನೆಮಾತಾದ ಕನ್ನಡದಲ್ಲಿ ಗೊಣಗಿದಳು: "ಮಂಗ್ಯಾನ ಮಗ!"

ಅವನು ನಿಂತ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಮಂಗ್ಯಾ ಅಂದದ್ದು ಖರೇ ಅದ ರೀ. ಏರೂದು, ಇಳಿಯೂದು, ಅದೇ ಮಾಡ್ಲಿಕತ್ತೀನಿ. ಆದ್ರ ನಿಮ್ಮ ಹಿಂದ ಬಂದಿಲ್ಲ."

"ಮತ್ಯಾರ ಹಿಂದ?"

"ಯಾರ ಹಿಂದೂ ಇಲ್ರಿ. ಕೆಳಗ ದಾರೂ ಅಂಗಡಿ ಅದ. ಅದನ್ನ ಬಿಟ್ಟು ಓಡಿ ಬಂದೀನಿ."

ಅವಳು ಚಪ್ಪಲಿ ಕೆಳಗಿಟ್ಟಳು, ಹಾಕಿಕೊಳ್ಳಲಿಲ್ಲ.

ಹೆಸರು ಧರ್ಮರಾಜ. ಯಾದಗಿರಿ ಕಡೆಯವನು, ಕಟ್ಟಡಗಳಲ್ಲಿ ನೆಲಕ್ಕೆ ಫರ್ಸಿ ಕಲ್ಲು ಕೂರಿಸುವ ಕೆಲಸ. ಆರಕ್ಕೆ ಕೆಲಸ ಮುಗಿದರೆ ಏಳಕ್ಕೆ ಜೊತೆಯವರೆಲ್ಲ ಗ್ಲಾಸು ಹಿಡಿಯುತ್ತಿದ್ದರು. ಕೈ ನಡುಗಿ ಫರ್ಸಿ ಸೊಟ್ಟಗಾಗತೊಡಗಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದ. ಡಾಕ್ಟರು ಗುಳಿಗೆ ಕೊಟ್ಟರು, ಕುಡಿತ ದಿನದಿನಕ್ಕೂ ಇಳಿಸುತ್ತ ಬಾ ಎಂದರು, ಆಸೆ ಎದ್ದಾಗ ಅರ್ಧ ಗಂಟೆ ಕಾಲು ನಿಲ್ಲಿಸಬೇಡ ಎಂದರು.

"ದಿನಾ ಇದ್ದದ್ದು ವಾರಕ್ಕ ಒಂದ್ ದಿನಕ್ಕ ಬಂದದ," ಎಂದ, ಶಾಲೆ ಹುಡುಗ ಪರೀಕ್ಷೆಯ ಮಾರ್ಕ್ಸ್ ಹೇಳಿದ ಹಾಗೆ.

ಏಳು ಗಂಟೆ ಶಿವಕಾಂತಾಳದ್ದೂ ಆಗಿತ್ತು. ಅಪ್ಪ ಕುಡಿದು ಮನೆಗೆ ಬರುತ್ತಿದ್ದುದು ಏಳಕ್ಕೆ. ಚಿಕ್ಕವಳಿದ್ದಾಗ ಗುಡ್ಡ ಹತ್ತಿ ಕೂತು, ಕೆಳಗಿನ ವಸ್ತಿಯ ಮನೆಗಳ ಸಾಲಿನಲ್ಲಿ ತಮ್ಮ ಮನೆಯ ಬಲ್ಬು ಆರುವುದನ್ನೇ ಕಾಯುತ್ತಿದ್ದಳು. ಆರಿದರೆ ಅಪ್ಪ ಮಲಗಿದ ಎಂದರ್ಥ. ಅಪ್ಪ ಸತ್ತು ಆರು ವರ್ಷ. ಈಗ ಅವಳಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ. ಕಾಲುಗಳು ಮಾತ್ರ ಏಳಕ್ಕೆ ಗುಡ್ಡಕ್ಕೇ ಬರುತ್ತಿದ್ದವು.

ಎರಡು ತಿಂಗಳು ಜೊತೆಯಾಗಿ ಹತ್ತಿದರು. ಅವನ ಬೂಟು ಹಳೇ ಬಜಾರಿನದು, ಒಂದು ಸೈಜು ದೊಡ್ಡದು.

"ಬೂಟಿನಾಗ ನೀ ಅದಿ ಏನು, ನಿನ್ನಾಗ ಬೂಟು ಅದ ಏನು?" ಎಂದು ಶಿವಕಾಂತಾ ನಕ್ಕಳು.

"ನೋಡಿ ನಗ್ತಿ. ಕಟ್ಟಿಕೊಡ್ಲಿಕ್ಕೆ ಬರಂಗಿಲ್ಲ?"

ಅವಳು ಕೂತು ಬೂಟಿನ ಲಾಡಿ ಬಿಗಿದಳು. ತಲೆ ಎತ್ತಿದಾಗ ಅವನು ನೋಡುತ್ತಿದ್ದ. ಕಣ್ಣಿನ ಕೆಂಪು ಹೋಗಿ ಬಿಳಿ ಬಂದಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ಅವಳ ಮೇಲೇ ಸಿಟ್ಟು ಬಂತು.

ಒಂದು ಭಾನುವಾರ ಇಬ್ಬರೂ ಖಂಡೋಬಾ ದೇವರ ಜೇಜುರಿಗೆ ಹೋದರು. ಎಲ್ಲಿ ನೋಡಿದರೂ ಅರಿಶಿನ. ಅವನು ಒಂದು ಕಡೆಯೂ ನಿಲ್ಲದೆ ಕೋಟೆಯಂಥ ಗುಡಿಯ ಮೆಟ್ಟಿಲು ಹತ್ತಿದ. ಮೇಲೆ, ಖಂಡೋಬಾನ ಎದುರು, ದೇವರ ಭಂಡಾರದ ಅರಿಶಿನ ಒಂದು ಹಿಡಿ ತೆಗೆದು ಹಣೆಗೊತ್ತಿದ. "ಇದರ ಆಣಿ. ಇನ್ನ ಮ್ಯಾಲ ಒಂದ್ ಹನಿ ಮುಟ್ಟಂಗಿಲ್ಲ. ನನ್ನ ಮದುವಿ ಆಗು, ಶಿವಕಾಂತಾ."

ಅವಳ ಮುಖ ಕಪ್ಪಿಟ್ಟಿತು. "ನಮ್ಮಪ್ಪ ವರ್ಷಾ ಇಲ್ಲೇ ಆಣಿ ಮಾಡ್ತಿದ್ದ. ಇದೇ ಭಂಡಾರ. ನಮ್ಮವ್ವ ವರ್ಷಾ ನಂಬ್ತಿದ್ಲು. ತಿರುಗಿ ಹೋಗೂ ಬಸ್ಸಿಳಿದ ಕೂಡ್ಲೇ ಅವ ಕುಡೀತಿದ್ದ. ನಿನಗ ಯಾರು ಹೇಳಿದ್ರು ಆಣಿ ಮಾಡು ಅಂತ? ನಾ ಕೇಳಿದ್ನೇನು?"

ಅವಳು ಒಬ್ಬಳೇ ಬಸ್ಸು ಹತ್ತಿದಳು.

ಸೋಮವಾರ ಏಳಕ್ಕೆ ಅವನು ಬರಲಿಲ್ಲ. ಮಂಗಳವಾರವೂ, ಬುಧವಾರವೂ, ಗುರುವಾರವೂ ಇಲ್ಲ. ಮೇಲೆ ಕೂತು ಅವಳು ಕೆಳಗಿನ ಮೆಟ್ಟಿಲನ್ನೇ ನೋಡುತ್ತಿದ್ದಳು. ಹೀಗೆ ಕಾಯುವುದು ಅವಳಿಗೆ ಹೊಸದಲ್ಲ.

ಶುಕ್ರವಾರ ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಊದಿತ್ತು, ವಾಸನೆ ದೂರಕ್ಕೇ ಹೊಡೆಯುತ್ತಿತ್ತು.

"ಆಣಿ ಮಾಡಿದ ದಿನಾನೇ ಕುಡದೆ," ಎಂದ. "ಮುರಿದ ಮ್ಯಾಲ ಇನ್ನೇನು ಉಳೀತು ಅಂತ ಮೂರು ದಿನ ಕುಡದೆ. ನಿನ್ನೆ ಇಲ್ಲ. ಇವತ್ತ ಮಧ್ಯಾಹ್ನ ಮತ್ತ ಕುಡದೆ. ಸುಳ್ಳು ಹೇಳಂಗಿಲ್ಲ ನಿನಗ."

ಅಪ್ಪ ಒಮ್ಮೆಯೂ ಹೀಗೆ ಹೇಳಿರಲಿಲ್ಲ. ವಾಸನೆ ಮಾತ್ರ ಅದೇ.

"ನನ್ನ ಮ್ಯಾಲ ಸ್ವಲ್ಪರ ಪ್ರೀತಿ ಇತ್ತೇನು?" ಎಂದು ಅವನು ಕೇಳಿದ.

"ಇತ್ತು ಅಲ್ಲ, ಅದ. ಅದಕ್ಕೇ ಅಂಜಿಕಿ ಬರ್ತದ. ಮದುವಿ ಮಾತು ಎತ್ತಬ್ಯಾಡ. ನಮ್ಮವ್ವನ ಬಾಳೇ ನಾನೂ ಮಾಡಂಗಿಲ್ಲ."

"ಮತ್ತ ನಾ ಏನ್ ಮಾಡ್ಲಿ?"

"ಡಾಕ್ಟರ್ ಕಡೆ ಹೋಗು. ಇದ್ದದ್ದು ಇದ್ದಂಗ ಹೇಳು. ಆಮ್ಯಾಲ ನಾಳಿ ಏಳಕ್ಕ ಬಂದ್ರ ಬಾ, ಬಿಟ್ರ ಬಿಡು. ನಾ ಕಾಯಂಗಿಲ್ಲ. ನಾ ಹತ್ತೂದು ನನ್ನ ಸಲುವಾಗಿ."

ಶನಿವಾರ ಅವಳು ಎಲ್ಲೂ ನಿಲ್ಲದೆ ಹತ್ತತೊಡಗಿದಳು. ಕೆಳಗೆ ನೋಡಬಾರದು ಎಂದುಕೊಂಡಿದ್ದಳು, ನೋಡಲಿಲ್ಲ. ಅರ್ಧಕ್ಕೆ ಬಂದಾಗ ಹಿಂದೆ ದೊಡ್ಡ ಬೂಟಿನ ಸಪ್ಪಳ ಕೇಳಿಸಿತು. ನಾಲ್ಕು ಮೆಟ್ಟಿಲು, ನಿಂತು ಏದುಸಿರು, ಮತ್ತೆ ನಾಲ್ಕು.

ನಾಳೆ ಈ ಸಪ್ಪಳ ಇರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತಿರುಗಿ ನೋಡಲಿಲ್ಲ. ಹೆಜ್ಜೆಯನ್ನು ಮಾತ್ರ ಸ್ವಲ್ಪ ನಿಧಾನ ಮಾಡಿದಳು.