ಗ್ರೀಸ್ ಹಚ್ಚದ ತಟ್ಟೆಗಳು

ಅವನು ನನ್ನೊಡನೆ ಆಡಿದ ಮೊದಲ ಮಾತೇ "ತಟ್ಟೆಗಳಿಗೆ ಗ್ರೀಸ್ ಹಚ್ಚಿದೀರಾ?" ಎಂದು. ನಮಸ್ಕಾರವಿಲ್ಲ, ಮುಗುಳ್ನಗೆಯಿಲ್ಲ. ನಾಲ್ಕು ವರ್ಷದಿಂದ ಹಚ್ಚುತ್ತಿರುವವಳನ್ನು ಕೇಳುವ ಪ್ರಶ್ನೆಯೇ ಅದು? ಅವತ್ತೇ ಅವನಿಗೆ ಲೇಸರ್ ಸಾಹೇಬ ಎಂದು ಹೆಸರಿಟ್ಟೆ.

ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ, ಒಂದೇ ಮೇಜಿನ ಮೇಲೆ ನಮ್ಮಿಬ್ಬರ ಯಂತ್ರಗಳು. ನನ್ನದು ಗಾಳಿ ಎಳೆದು ಧೂಳನ್ನು, ಅಂಟಿಕೊಳ್ಳಲೆಂದು ಗ್ರೀಸ್ ಹಚ್ಚಿದ ಎಂಟು ತಟ್ಟೆಗಳ ಮೇಲೆ ಕೂರಿಸುತ್ತದೆ. ದಪ್ಪದ್ದು ಮೇಲೆ, ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣದ್ದು ಕೆಳಗೆ. ಅವನದು ಲೇಸರ್ ಬೆಳಕು ಹಾಯಿಸಿ ಕಣಗಳನ್ನು ಎಣಿಸುತ್ತದೆ. ಕಾರ್ಖಾನೆಯವರು ಮೂರು ವಾರ ಹೋಲಿಸಿ ಒಂದನ್ನು ಉಳಿಸಿಕೊಳ್ಳುತ್ತಾರೆ, ಇನ್ನೊಂದು ಉಗ್ರಾಣಕ್ಕೆ, ಅದನ್ನು ನಡೆಸುವವರು ಹೊರಕ್ಕೆ. ನಾನೇ ಕಟ್ಟಿದ ಯಂತ್ರ. ಸೋಲಲು ನಾನು ಸಿದ್ಧಳಿರಲಿಲ್ಲ.

ನಮ್ಮದು ಎಣ್ಣೆ ಸೀಗೆಕಾಯಿ ನಂಟು. ನನ್ನ ತಟ್ಟೆಗಳ ಧೂಳಿನ ತೂಕ ಹೆಚ್ಚು ಬಂದರೆ ಅವನು ಹುಬ್ಬೇರಿಸುವನು, ಅವನ ಎಣಿಕೆ ಕಡಿಮೆ ಬಂದರೆ ನಾನು ಬೇಕೆಂದೇ ಕೆಮ್ಮುವೆನು. ಅವನ ರೆಪ್ಪೆಯ ಮೇಲೆ ಬಿಳಿ ಧೂಳು ಕೂತಿರುತ್ತಿತ್ತು. ಅದನ್ನು ಅಷ್ಟು ಹೊತ್ತು ನೋಡಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಕೊನೆಯ ದಿನ ನೋಟ್‌ಬುಕ್ ತಿರುವಿದೆ. ಎರಡನೆಯ ವಾರ ಗ್ರೀಸಿನ ಕಾಲಂ ಖಾಲಿ. ಅವನೊಡನೆ ಜಗಳವಾಡಿದ ಸಿಟ್ಟಿನಲ್ಲಿ ಮರೆತೇಬಿಟ್ಟಿದ್ದೆ. ಒಣ ತಟ್ಟೆಯಿಂದ ದಪ್ಪ ಕಣ ಪುಟಿದು ಕೆಳಗೆ ಬೀಳುತ್ತದೆ, ಸಣ್ಣದೆಂದು ಲೆಕ್ಕವಾಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಹೇಳಲು ಹೋದೆ.

ಅವನ ವರದಿ ಮೇಜಿನ ಮೇಲೆ ತೆರೆದಿತ್ತು. ಎರಡನೆಯ ವಾರ ತನ್ನ ಯಂತ್ರ ಕೆಟ್ಟಿತ್ತು, ಆ ವಾರವನ್ನು ಕೈಬಿಡಬೇಕು ಎಂದು ಬರೆದಿದ್ದ. ಕೆಟ್ಟಿರಲಿಲ್ಲ. ನನ್ನ ಅಂಕಿ ನೋಡಿಯೇ ಅವನಿಗೆ ನನ್ನ ತಪ್ಪು ಗೊತ್ತಾಗಿತ್ತು, ಅದನ್ನು ಮುಚ್ಚಲು ತನ್ನ ಮೇಲೆ ಹಾಕಿಕೊಂಡಿದ್ದ.

ಮೈಯೆಲ್ಲ ಉರಿಯಿತು. ಅವನೆದುರೇ ಆ ಸಾಲು ಹೊಡೆದುಹಾಕಿ, ನನ್ನ ತಪ್ಪನ್ನು ನನ್ನ ಕೈಯಾರೆ ಬರೆದು ಸಹಿ ಹಾಕಿದೆ.

"ನಿಮ್ಮ ಭಿಕ್ಷೆ ಯಾರಿಗೆ ಬೇಕು?" ಎಂದೆ. "ಇಲ್ಲಿ ಉಸಿರಾಡೋ ಜನಕ್ಕೆ ಸುಳ್ಳು ಲೆಕ್ಕ ಕೊಡ್ತೀರಾ?"

ಅವನು ಮೊದಲ ಬಾರಿ ತಲೆ ತಗ್ಗಿಸಿದ. "ತಪ್ಪಾಯ್ತು. ನಿಮ್ಮ ಯಂತ್ರ ಹೋದ್ರೆ ನೀವೂ ಹೋಗ್ತೀರಲ್ಲ. ಅದನ್ನ ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಹಾಳಾದವನು ನನಗೆ ಬೇಕಾಗಿದ್ದ.

ಮೇಲ್ವಿಚಾರಕಿ ವರದಿ ಓದಿ ಇಬ್ಬರಿಗೂ ಚೆನ್ನಾಗಿ ಉಗಿದು, ಆ ವಾರದ ಬದಲು ಮತ್ತೊಂದು ವಾರ ಅಳೆಯಲು ಹೇಳಿದರು. ಇನ್ನೂ ಏಳು ದಿನ, ಅದೇ ಮೇಜು.

"ಈ ಸಲ ನಿಮ್ಮನ್ನ ಸೋಲಿಸ್ತೀನಿ," ಎಂದೆ.

"ಸೋಲಿಸಿ."

"ಸೋತ ಮೇಲೆ ಎಲ್ಲಿಗೂ ಹೋಗ್ಬೇಡಿ."