ಮೂರು ಚೀಟಿ

ಮಾಧುರಿಯನ್ನು ಕಂಡರೆ ಊರ್ಮಿಳೆಗೆ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಅಮೆರಿಕದ ಸನ್ನಿವೇಲ್‌ನ ಆ ಮಕ್ಕಳ ಕ್ಯಾನ್ಸರ್ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ ಬೆವರು ಸುರಿಸಿದವಳು ಇವಳು. ಇವಳ ಕೈಕೆಳಗೆ ಪಳಗಿದ ಹುಡುಗಿ ಇವತ್ತು ಹೆಡ್ ನರ್ಸು. ಸಾಲದ್ದಕ್ಕೆ ಎಲ್ಲರೆದುರು, "ಊರ್ಮಿಳಕ್ಕಾ, ನಿಮ್ಮ ಕಾಲದ ಅಭ್ಯಾಸ ಬಿಡಿ. ಒಂದ್ಸಲ ಬಳಸಿದ ಸಿರಿಂಜು ಕಸಕ್ಕೇ ಹೋಗ್ಬೇಕು" ಅಂತ ನಕ್ಕಿದ್ದಳು.

ಊರ್ಮಿಳೆಗೆ ಉಳಿದಿದ್ದ ಸುಖ ಒಂದೇ, ಮಣಿ. ಔಷಧಿ ಹರಿಸಲು ಮಗುವಿನ ಎದೆಗೆ ಹಾಕಿದ ಟ್ಯೂಬನ್ನು ಯಾವ ನರ್ಸು ಸಲೈನಿನಿಂದ ತೊಳೆಯುತ್ತಾಳೋ ಅವಳೇ ಆ ಮಗುವಿನ ದಾರಕ್ಕೊಂದು ಮಣಿ ಪೋಣಿಸಬೇಕು, ಅದು ಅಲ್ಲಿನ ಪದ್ಧತಿ. ಉಳಿದವರದು ಪ್ಲಾಸ್ಟಿಕ್ಕು. ಇವಳದು ಚನ್ನಪಟ್ಟಣದಿಂದ ತರಿಸಿದ ಅರಗಿನ ಮಣಿ, ಮಾವಿನ ಹಣ್ಣಿನ ಬಣ್ಣ. ಡಬ್ಬಿಗೆ ಬೀಗ, ಕೀಲಿ ಸೊಂಟದಲ್ಲಿ. ಮಾಧುರಿ ಒಂದೇ ಒಂದು ಕೇಳಿದಾಗಲೂ, "ಪದವಿ ಸಿಕ್ಕಿದೆಯಲ್ಲಮ್ಮ, ಮಣಿ ಬೇರೆ ಯಾಕೆ?" ಅಂದಿದ್ದಳು.

ಈಗ ರಕ್ತದ ಕ್ಯಾನ್ಸರಿನ ಮೂರು ಮಕ್ಕಳಿಗೆ ಹೆಪಟೈಟಿಸ್ ಸಿ. ಮೂವರೂ ಒಟ್ಟಿಗೆ ಬಂದದ್ದು ಮಾರ್ಚ್ ಹನ್ನೆರಡರಂದು ಮಾತ್ರ. ಅಂದು ಅವರಲ್ಲೊಬ್ಬಳಾದ ಯುಸ್ರಾಗೆ ಆರು ತುಂಬಿತ್ತು. ಕೇಕು ಕಾಯುತ್ತಿತ್ತು, ಕಂಪ್ಯೂಟರು ಕೆಟ್ಟು ಕೂತಿತ್ತು. ಅವಸರದಲ್ಲಿ ಊರ್ಮಿಳೆ ಒಂದೇ ಸಿರಿಂಜನ್ನು ಒಂದೇ ಸಲೈನ್ ಬಾಟಲಿಗೆ ಮತ್ತೆ ಮತ್ತೆ ಅದ್ದಿ ಮೂವರ ಟ್ಯೂಬನ್ನೂ ತೊಳೆದಿದ್ದಳು. ಮೂವರಲ್ಲೊಬ್ಬ ಯಶಸ್‌ನ ಮೈಯಲ್ಲಿ ಯಾರಿಗೂ ತಿಳಿಯದೆ ಅಡಗಿದ್ದ ವೈರಸ್ಸು ಉಳಿದಿಬ್ಬರಿಗೆ ದಾಟಿತು. ಗೊತ್ತಾದರೆ ಕೆಲಸ ಹೋಗುವುದಿರಲಿ, ಜೈಲೇ ಗತಿ.

ಯಾರು ತೊಳೆದರು ಎನ್ನುವುದಕ್ಕೆ ಇದ್ದದ್ದು ಅಂದು ಇವಳೇ ಕೈಯಾರೆ ಬರೆದ ಮೂರು ಚೀಟಿ. ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಕ್ಕಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿತ್ತು. ಇವಳ ಜೀವ ಆ ಚೀಟಿಗಳಲ್ಲಿ. ಆ ರಕ್ಕಸ ದಡ್ಡ, ಗಿಳಿಯನ್ನು ಇನ್ನೊಬ್ಬರ ಕೈಗೆ ಸಿಗುವ ಹಾಗೆ ಬಿಟ್ಟಿದ್ದ. ಊರ್ಮಿಳೆ ಬಿಡುವವಳೆ?

ಒಂದು ವಾರ ಮಾಧುರಿಯ ಕೈಬರಹ ತಿದ್ದಿ ತಿದ್ದಿ ಕಲಿತಳು. ಏಳರ ನಡುವೆ ಅಡ್ಡಗೀಟು, ಸಹಿಯ ಕೊನೆಗೆ ಬೆಕ್ಕಿನ ಬಾಲ. ಅದೇ ಕಂಪನಿಯ ನೀಲಿ ಪೆನ್ನು, ಅದೇ ಪ್ಯಾಡಿನ ಹಾಳೆ. ಮೂಲೆಗೆ ಕಾಫಿಯ ಕಲೆಯನ್ನೂ ಕೊಟ್ಟಳು. ಆ ಮಧ್ಯಾಹ್ನ ಮಾಧುರಿಯೂ ವಾರ್ಡಿನಲ್ಲಿ ಓಡಾಡಿದ್ದಳು, ಸುಳ್ಳಿಗೆ ಅಷ್ಟು ನಿಜ ಸಾಕು. ಹೊಸ ಚೀಟಿಗಳು ಫೈಲು ಸೇರಿದವು, ಹಳೆಯವು ಸರಟೋಗಾದ ತನ್ನ ಮನೆಯ ಹಿತ್ತಿಲಲ್ಲಿ ಬದನೆಕಾಯಿ ಸುಡುವ ಕೆಂಡಕ್ಕೆ ಹೋದವು. ಎಣ್ಣೆಗಾಯಿ ಬೇಡ, ಇವತ್ತು ಬಜ್ಜಿ ಮಾಡೋಣ ಅಂದುಕೊಂಡಳು. ರುಚಿಯಾಗಿತ್ತು.

ಸೋಮವಾರ ಆರೋಗ್ಯ ಇಲಾಖೆಯ ತನಿಖಾಧಿಕಾರಿ ಬಂದು ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು. ಮಾಧುರಿ ಒಂದನ್ನು ಎತ್ತಿ ನೋಡಿದಳು. "ಇದು ನಾನು ಬರೆದದ್ದಲ್ಲ..."

"ಪಾಪ, ಕೆಲಸದ ಒತ್ತಡ ನೋಡಿ, ಮರೆತಿರ್ತಾಳೆ," ಎಂದಳು ಊರ್ಮಿಳೆ, ಜೇನು ಸುರಿದಂತೆ.

ಯುಸ್ರಾಳ ಅಜ್ಜಿ ರಹಮತ್ ಬೀ ಮೈಸೂರಿನವರು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲ ಬಳಿ ಕುಳಿತಿದ್ದರು. "ಯಾರು ಮಾಡಿದ್ರೂ ಅವರ ಕೈ ಸೇದೋಗ," ಎಂದು ಗೊಣಗಿದರು. ನಿನ್ನ ಹುಟ್ಟಿದ ದಿನದಂದು ಟ್ಯೂಬು ತೊಳೆದವರು ಯಾರೆಂದು ಅಧಿಕಾರಿ ಮಗುವನ್ನು ಕೇಳಿದಳು. ಕೇಳಲಿ ಬಿಡು, ಎಷ್ಟೋ ತಿಂಗಳ ಮಾತು, ಕೂಸಿಗೇನು ನೆನಪು ಎಂದು ಊರ್ಮಿಳೆ ಒಳಗೇ ನಕ್ಕಳು.

ಯುಸ್ರಾ ಕೊರಳಿನ ದಾರವನ್ನು ಹೊರಗೆಳೆದು ಮಣಿಗಳನ್ನು ಒಂದೊಂದಾಗಿ ಸರಿಸಿದಳು. "ತೋರ್ಸು ಕಂದಾ," ಎಂದರು ರಹಮತ್ ಬೀ, "ನಕ್ಷತ್ರದ ಮಣಿ ಹುಟ್ಟಿದ ದಿನಕ್ಕೆ ಮಾತ್ರ ಕೊಡೋದು ಇಲ್ಲಿ, ವರ್ಷಕ್ಕೊಂದೇ." ಬೆಳ್ಳಿ ನಕ್ಷತ್ರ ಸಿಕ್ಕಿತು. ಬೀಳದಿರಲಿ ಎಂದು ಅಂದು ಊರ್ಮಿಳೆಯೇ ಕೇಕಿನ ಅವಸರದಲ್ಲೂ ಅಕ್ಕರೆಯಿಂದ ಎರಡನ್ನೂ ಸೇರಿಸಿ ಬಿಗಿದ ಗಂಟಿನಲ್ಲಿ, ನಕ್ಷತ್ರದ ಪಕ್ಕಕ್ಕೆ ಅಂಟಿಕೊಂಡಂತೆ, ಮಾವಿನ ಹಣ್ಣಿನ ಬಣ್ಣದ ಅರಗಿನ ಮಣಿಯೊಂದು ಹೊಳೆಯಿತು. "ಊರ್ಮಿಳಾ ಆಂಟಿ!" ಎಂದಳು ಯುಸ್ರಾ. ಉಳಿದಿಬ್ಬರ ದಾರಗಳನ್ನೂ ತರಿಸಿ ಎಂದಳು ಅಧಿಕಾರಿ. ಮಾಧುರಿ ಊರ್ಮಿಳೆಯ ಸೊಂಟದಲ್ಲಿ ತೂಗುತ್ತಿದ್ದ ಮಣಿಡಬ್ಬಿಯ ಕೀಲಿಯನ್ನೇ ನೋಡುತ್ತಿದ್ದಳು.