ಹಿಗ್ಗದೆ ಮುರಿದ ಬೋಲ್ಟ್

ಮೀನುಗಾರಿಕೆ ದಕ್ಕೆಯಲ್ಲಿ ನಿಂತ ಬೋಟಿನ ಹಲಗೆಯ ಮೇಲೆ ಬೋಲ್ಟಿನ ಎರಡು ತುಂಡು ಬಿದ್ದಿದ್ದವು. ಬಲೆ ಎಳೆಯುವ ರಾಟೆಯನ್ನು ಹಿಡಿದಿದ್ದ ಬೋಲ್ಟ್. ಅದು ಮುರಿದ ಕ್ಷಣಕ್ಕೆ ಬಲೆ ಸಮುದ್ರದ ಪಾಲಾಗಿತ್ತು.

ಪಕ್ಕದಲ್ಲೇ ನಿಂತಿದ್ದ ಮಾಲಕ ಜೊಕಿಮ್ ಹೇಳಿದ್ದು ಇಷ್ಟೇ: ಸಂಜೆಯೊಳಗೆ ತಪ್ಪು ಯಾರದೆಂದು ತಿಳಿಯಬೇಕು. ಮಿತಿಮೀರಿ ಎಳೆಸಿದ್ದರೆ ಬೋಟು ನಡೆಸುವ ತಂಡೇಲ ಯೋಗೀಶ್ ಕೆಲಸ ಬಿಟ್ಟು ಇಳಿಯಬೇಕು. ಕಬ್ಬಿಣ ಕಳಪೆಯಾಗಿದ್ದರೆ ಬೋಲ್ಟ್ ಮಾಡಿಕೊಟ್ಟ ಕುದ್ರೋಳಿಯ ಲೇತ್ ಅಂಗಡಿಯ ಫ್ಲೋಯ್ಡ್‌ಗೆ ಇನ್ನು ದಕ್ಕೆಯ ಕೆಲಸವಿಲ್ಲ.

ಇಪ್ಪತ್ತು ವರ್ಷಗಳಿಂದ ಸ್ನೇಹಿತರಾದ ಇಬ್ಬರೂ ಅರ್ಧ ಗಂಟೆಯಿಂದ ಬೈದಾಡುತ್ತಿದ್ದರು.

“ನೀನು ಬಂಡೆಯನ್ನೇ ಎಳೆದು ತರ್ಲಿಕ್ಕೆ ಹೋದದ್ದಾ ಎಂತ?” ಎಂದ ಫ್ಲೋಯ್ಡ್.

“ನಿನ್ನ ಬೋಲ್ಟಿಗಿಂತ ಚಕ್ಕುಲಿ ಗಟ್ಟಿ ಉಂಟು ಮಾರಾಯ!”

ಹಗ್ಗದ ರಾಶಿಯ ಮೇಲೆ ಕೂತಿದ್ದ ಯೋಗೀಶನ ಅಪ್ಪ ಚೆನ್ನಪ್ಪ ಕಿಸಕ್ಕನೆ ನಕ್ಕರು. ಉರ್ವ ಮಾರ್ಕೆಟಿನ ಮೀನಿನ ಹೆಂಗಸರಿಗೆಲ್ಲ ಮನೆಯ ಕುಲುಮೆಯಲ್ಲಿ ಕತ್ತಿ ಮಾಡಿಕೊಡುವ ಮುದುಕ.

“ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿ,” ಎಂದಳು ಯಶ್ಮಿತಾ.

ಯೋಗೀಶನ ಮಗಳು. ಲೋಹ ಹೇಗೆ ಮುರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಓದು. ಬೆಳಿಗ್ಗೆಯಿಂದ ಲ್ಯಾಪ್‌ಟಾಪಿನಲ್ಲಿ ಇದೇ ಬೋಲ್ಟನ್ನು ಮೂರು ಸಲ ಮುರಿದಿದ್ದಳು. ಮೂರೂ ಸಲ ಅದು ಮೊದಲು ಹಿಗ್ಗಿತು, ನಡು ಸಣ್ಣದಾಯಿತು, ಒಳಗೆ ಕಾಣದಂಥ ತೂತುಗಳು ಹುಟ್ಟಿ, ಬೆಳೆದು, ಒಂದಕ್ಕೊಂದು ಸೇರಿದವು — ಆಮೇಲೆ ತುಂಡಾಯಿತು. ಕೈಯಲ್ಲಿದ್ದದ್ದು ಹಾಗಿರಲಿಲ್ಲ. ತುಂಡು ಜೋಡಿಸಿದರೆ ಕೂದಲೆಳೆಯಷ್ಟೂ ಉದ್ದವಾಗಿಲ್ಲ. ಮುರಿದ ಮುಖ ಕಲ್ಲುಸಕ್ಕರೆಯಂತೆ ಮಿನುಗುತ್ತಿತ್ತು.

ಅಪ್ಪ ಬಚಾವ್. ಎಷ್ಟು ಎಳೆದರೂ ಒಳ್ಳೆಯ ಕಬ್ಬಿಣ ಹಿಗ್ಗದೆ ಮುರಿಯದು. ಹಾಗಾದರೆ ಫ್ಲೋಯ್ಡ್? ಅವಳಿಗೆ ಸೈಕಲ್ ಕಲಿಸಿದವನು ಅವನೇ.

“ಅಂಕಲ್, ಇದರ ಜೋಡಿ ಉಂಟಾ?”

“ಉಂಟು. ಒಂದೇ ಸರಳಿನಿಂದ ಎರಡು ಮಾಡಿದ್ದು.”

“ತನ್ನಿ. ಕಬ್ಬಿಣ ಉಜ್ಜುವ ಅರವೂ ಒಂದು ಬೇಕು.”

ಫ್ಲೋಯ್ಡ್ ಸ್ಕೂಟರಿನಲ್ಲಿ ಹೋಗಿ ತಂದ. ಹೊಸ ಬೋಲ್ಟನ್ನು ಅರ ಕಚ್ಚಿತು, ಪುಡಿ ಉದುರಿತು. ಮುರಿದದ್ದರ ಮೇಲೆ — ಗಾಜಿನ ಮೇಲೆ ಜಾರಿದಂತೆ ಜಾರಿತು.

“ಅಪ್ಪ, ಬೋಲ್ಟ್ ಅಂಗಡಿಯಿಂದ ಸೀದಾ ಬೋಟಿಗೆ ಬಂತಾ?”

“ಇಲ್ಲ. ಎರಡು ದಿನ ಮನೆಯಲ್ಲಿತ್ತು.”

“ಮನೆಯಲ್ಲಿ ಎಲ್ಲಿ?”

ಯೋಗೀಶ್ ಹಗ್ಗದ ರಾಶಿಯ ಕಡೆ ತಿರುಗಿದ. ಎಲ್ಲರೂ ತಿರುಗಿದರು.

“ಅಜ್ಜ, ನೀವು ಬೋಲ್ಟಿಗೆ ಎಂತ ಮಾಡಿದ್ರಿ?”

“ಎಂತ ಮಾಡುದು? ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ, ಕತ್ತಿಗೆ ಮಾಡುವ ಹಾಗೆ. ಮಗ ಸಮುದ್ರಕ್ಕೆ ಹೋಗುವವ. ಗಟ್ಟಿ ಇರ್ಲಿ ಅಂತ.”

ಯಶ್ಮಿತಾ ಎರಡೂ ಬೋಲ್ಟನ್ನು ಪಕ್ಕಪಕ್ಕ ಇಟ್ಟಳು.

“ಹೊಸದು ಬೆಳ್ಳಗುಂಟು. ಇದರ ಮೈ ಕಪ್ಪು. ಗ್ರೀಸ್ ಅಂತ ಎಲ್ಲರೂ ಬಿಟ್ಟದ್ದು, ನಾನೂ. ಒರೆಸಿದರೂ ಹೋಗುದಿಲ್ಲ — ನಮ್ಮ ಮೀನು ಕತ್ತಿಯ ಕಪ್ಪೇ ಇದು. ಕತ್ತಿಗೆ ಗಟ್ಟಿ ಬೇಕು ಅಜ್ಜ. ಬೋಲ್ಟಿಗೆ ಹಿಗ್ಗುವ ಗುಣ ಬೇಕು. ಕಾಯಿಸಿ ಒಮ್ಮೆಲೇ ತಣಿಸಿದರೆ ಆ ಗುಣವೇ ಹೋಗ್ತದೆ. ನಾನು ಕಂಪ್ಯೂಟರಿಗೆ ಕೊಟ್ಟದ್ದು ಫ್ಲೋಯ್ಡ್ ಅಂಕಲಿನ ಕಬ್ಬಿಣ. ಬೋಟಿನಲ್ಲಿದ್ದದ್ದು ನಿಮ್ಮದು.”

ಚೆನ್ನಪ್ಪ ತಲೆ ತಗ್ಗಿಸಿದರು. “ಹಾಗಾದ್ರೆ ನನ್ನನ್ನು ಇಳಿಸಿ ಜೊಕಿಮ್.”

“ನೀವು ಬೋಟಿನಲ್ಲಿ ಕೆಲಸಕ್ಕೇ ಇಲ್ಲವಲ್ಲ ಮಾರಾಯ್ರೇ! ಕೂತ್ಕೊಳ್ಳಿ. ನಾಳೆ ಇವರಿಬ್ಬರೂ ಮೊದಲಿನ ಹಾಗೇ ಕೆಲಸಕ್ಕೆ ಬರ್ಲಿ.”

ಮುದುಕರ ಮುಖ ಅರಳಿತು. ಎದ್ದು ಬಂದು ಹೊಸ ಬೋಲ್ಟನ್ನು ಅಂಗೈಯಲ್ಲಿ ತೂಗಿ ನೋಡಿದರು.

“ಇದನ್ನು ನಾನು ಇವತ್ತು ಮನೆಗೆ —”

“ಬೇಡ!” ಯೋಗೀಶ್, ಫ್ಲೋಯ್ಡ್ ಒಂದೇ ದನಿಯಲ್ಲಿ ಕಿರುಚಿದರು.